ಕದಡಿದ ತಟ್ಟೆ

ನಿನ್ನೆ ತಿಳಿಯಾಗಿದ್ದ ತಟ್ಟೆಯ ದ್ರವ ಬೆಳಗಾಗುವಷ್ಟರಲ್ಲಿ ಅಕ್ಕಿ ತೊಳೆದ ನೀರಿನಂತೆ ಕದಡಿತ್ತು. ತಂಗಿ ಅದನ್ನು ಬೆಳಕಿಗೆ ಹಿಡಿದು ಮತ್ತೊಮ್ಮೆ ನೋಡಿದಳು.

ಅಕ್ಕನ ಕಣ್ಣು ದಿನದಿನಕ್ಕೆ ಮಂಜಾಗುತ್ತಿತ್ತು. ಅವಳ ತೋಳಿನಿಂದ ಚರ್ಮದ ಚೂರು ತೆಗೆದು, ಅದನ್ನು ಯಾವ ಅಂಗದ ಕೋಶವಾಗಿಯಾದರೂ ಬೆಳೆಯಬಲ್ಲ ಕಾಂಡಕೋಶಗಳನ್ನಾಗಿಸಿ, ಮುಂದೆ ಕಣ್ಣಿನ ಒಳಪರದೆಗೆ ಹಾಕಲೆಂದು ತಂಗಿಯೇ ಪ್ರಯೋಗಾಲಯದ ಆ ಗಾಜಿನ ತಟ್ಟೆಯಲ್ಲಿ ತಿಂಗಳುಗಟ್ಟಲೆ ಸಾಕಿದ್ದಳು. ತಟ್ಟೆಯ ಹತ್ತಿರ ಯಾರಾದರೂ ಗಂಟಲು ಸರಿಮಾಡಿಕೊಂಡರೂ ಅವಳ ಜೀವ ಬಾಯಿಗೆ ಬರುತ್ತಿತ್ತು. ಅಲ್ಲಿನವರು ಅವಳಿಗಿಟ್ಟ ಹೆಸರು 'ಉಸಿರು ಬಿಡಬೇಡಿ ಮೇಡಂ'.

ಯಾರು ಕೆಡಿಸಿದ್ದೆಂದು ತಂಗಿ ವಿಚಾರಣೆ ಶುರುಮಾಡಿದಳು. ಮೊದಲು ಸಿಕ್ಕಿಬಿದ್ದವನು ನೆಗಡಿಯ ಗುಮಾಸ್ತ. ಗಾಜಿನಾಚೆಯಿಂದ ಇಣುಕಿದ್ದಷ್ಟೇ ಎಂದು ಅವನು ಆಣೆಯಿಟ್ಟ. ಆದರೆ ನಡುವೆ ಬಂದ ಸೀನು ಅವನ ವಿರುದ್ಧವೇ ಸಾಕ್ಷಿ ಹೇಳಿತು. ಆಮೇಲೆ ನೆಲ ಒರೆಸುವವಳ ಸರದಿ. ಅವಳು ಬಕೆಟ್ ಕೆಳಗಿಟ್ಟು ಸೊಂಟದ ಮೇಲೆ ಕೈಯಿಟ್ಟಳು.

"ನೀವು ಹೇಳಿದಾಗಿಂದ ಆ ರೂಮಿನ ಮುಂದೆ ಉಸಿರು ಹಿಡ್ಕೊಂಡೇ ಓಡಾಡ್ತೀನಮ್ಮ. ಮೊನ್ನೆ ತಲೆಸುತ್ತಿ ಬೀಳೋದಿತ್ತು."

ಮಧ್ಯಾಹ್ನದ ಹೊತ್ತಿಗೆ ಇಡೀ ಮಹಡಿ, ಸರ ಕಳೆದುಹೋದ ಮದುವೆಮನೆಯಂತಾಯಿತು. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಕೊನೆಗೆ ಮುಖ್ಯಸ್ಥೆ ಬಂದು ಒಂದು ಹನಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ಬಹಳ ಹೊತ್ತು ನೋಡಿದರು.

"ಯೀಸ್ಟ್ ಥರ ಕಾಣುತ್ತೆ. ಬ್ರೆಡ್ ಉಬ್ಬಿಸೋಕೆ ಹಾಕ್ತಾರಲ್ಲ, ಅದು. ಯಾರ ಮನೇಲಾದ್ರೂ ಬ್ರೆಡ್ ಮಾಡ್ತಾರಾ?"

ತಂಗಿ ತನ್ನ ಕೋಟಿನ ತೋಳನ್ನೇ ನೋಡುತ್ತ ನಿಂತಳು. ಎಲ್ಲರ ಕೋಟುಗಳೂ ಪ್ರಯೋಗಾಲಯದ ಕುದಿನೀರಿನ ಒಗೆಯುವ ಯಂತ್ರಕ್ಕೇ ಹೋಗುತ್ತಿದ್ದವು. ಆ ಯಂತ್ರವನ್ನು ನಂಬದೆ ಕೋಟನ್ನು ಮನೆಗೆ ಒಯ್ಯುತ್ತಿದ್ದವಳು ಅವಳೊಬ್ಬಳೇ. ಅವಳು ಒಗೆದು ಒಣಗಿಸಿದ ಕೋಟನ್ನು ಅಕ್ಕ ಮಡಚುತ್ತಿದ್ದಳು, ಮೂಲೆಯ ಅಂಗಡಿಗೆಂದು ಬ್ರೆಡ್ಡಿನ ಹಿಟ್ಟು ನಾದುವ ಕೆಲಸದ ನಡುನಡುವೆ. ಬಿಳಿ ಕೋಟಿನ ಮೇಲೆ ಬಿಳಿ ಹಿಟ್ಟು ಕಣ್ಣಿದ್ದ ತಂಗಿಗೇ ಕಂಡಿರಲಿಲ್ಲ.

ಮೊದಲಿಂದ ಶುರುಮಾಡೋಣ ಎಂದರು ಮುಖ್ಯಸ್ಥೆ. ಅಲ್ಲಿಯವರೆಗೆ ಅಕ್ಕನ ಕಣ್ಣಲ್ಲಿ ಬೆಳಕು ಉಳಿದೀತೇ ಎಂದು ತಂಗಿ ಕೇಳಲಿಲ್ಲ, ಅವರೂ ಹೇಳಲಿಲ್ಲ. ಹೊರಡುವ ಮುನ್ನ ಗುಮಾಸ್ತನ ಕ್ಷಮೆ ಕೇಳಲು ಹೋದಳು. ಅವನು ಮೂಗುಬಾಯಿ ಮುಚ್ಚಿಕೊಂಡು ಎದ್ದು ಆಚೆ ಹೋದ.

ಮನೆಯ ಬಾಗಿಲು ತೆರೆದ ಅಕ್ಕ ಎಂದಿನಂತೆ ಕೇಳಿದಳು: "ಹೇಗಿದಾವೆ ನನ್ನ ಹೊಸ ಕಣ್ಣು?"

"ತಟ್ಟೆ ಕೆಟ್ಟೋಯ್ತು ಅಕ್ಕ."

ಅಕ್ಕ ಗೋಡೆ ಹಿಡಿದುಕೊಂಡಳು. "ಯಾರು ಕೆಡಿಸಿದ್ದು?"

"ಗೊತ್ತಾಗ್ಲಿಲ್ಲ."

"ಎಲ್ಲರೂ ನಿನ್ನಷ್ಟು ಹುಷಾರಾಗಿರ್ತಾರಾ ಹೇಳು. ಹೋಗ್ಲಿ ಬಿಡು. ಬೆಳಿಗ್ಗೆ ಒಣಗಿಸಿದ ಇನ್ನೊಂದು ಕೋಟು ಕೊಡಿಲ್ಲಿ, ಮಡಚಿಡ್ತೀನಿ," ಎಂದು ಅಕ್ಕ ಹಿಟ್ಟಿನ ಕೈ ಚಾಚಿದಳು.

ಬೇಡ ಎಂದರೆ ಕಾರಣ ಹೇಳಬೇಕು. ತಂಗಿ ಕೋಟು ಕೊಟ್ಟಳು.