ಕೊಕ್ಕರೆಗೆ ಕಾಣದ ಹಾಗೆ ಕೂತದ್ದು

ಸುದ್ದಿ ಬರೆಯುವವನಿಗೆ ಒಂದು ಭ್ರಮೆ ಇರುತ್ತದೆ. ತನ್ನ ಕಣ್ಣೆದುರು ನಡೆದದ್ದೆಲ್ಲ ತಾನು ಅಲ್ಲಿ ಇಲ್ಲದಿದ್ದರೂ ಹಾಗೆಯೇ ನಡೆಯುತ್ತಿತ್ತು ಎಂದು ಅವನು ನಂಬಿರುತ್ತಾನೆ. ಮಂಡ್ಯದಿಂದ ಪತ್ರಿಕೆಗೆ ವರದಿ ಕಳಿಸುವ ನನಗೂ ಈ ಭ್ರಮೆ ಬಲವಾಗಿಯೇ ಇತ್ತು. ವರದಿಯಲ್ಲಿ ‘ನಾನು’ ಎಂಬ ಮಾತು ಕಂಡರೆ ನಮ್ಮ ಸಂಪಾದಕರು ಕೆಂಪು ಶಾಯಿ ಎಳೆಯುತ್ತಿದ್ದರು. ಆ ಶಿಸ್ತು ಎಷ್ಟು ಮೈಗೂಡಿತ್ತೆಂದರೆ, ಊಟಕ್ಕೆ ಕೂತಾಗಲೂ ನಾನು ಅನ್ನ ಸೀದಿದೆ ಎನ್ನದೆ, ಸೀದಿರುವುದಾಗಿ ತಿಳಿದುಬಂದಿದೆ ಎನ್ನುತ್ತೇನೆಂದು ಹೆಂಡತಿ ನೆಂಟರ ಮುಂದೆಲ್ಲ ಹೇಳಿಕೊಂಡು ನಗುತ್ತಿದ್ದಳು.

ಇಂಥವನ ಕೈಗೆ ಗಾಜಿನ ಪ್ಲೇಟು ಹಾಕುವ ಹಳೆಯ ಕ್ಯಾಮೆರಾ ಒಂದು ಬಂತು. ಅದರ ಹಿಂದೆಯೇ ಹಕ್ಕಿಗಳ ಚಿತ್ರ ತೆಗೆಯುವುದನ್ನು ಕುರಿತ ಇಂಗ್ಲಿಷ್ ಪುಸ್ತಕವೂ ಬಂತು. ಹಕ್ಕಿಗೆ ಮನುಷ್ಯ ಕಾಣಲೇಬಾರದು, ಮರೆ ಕಟ್ಟಿ ಅದರೊಳಗೆ ಅಲುಗಾಡದೆ ಕೂರಬೇಕು ಎಂಬುದು ಅದರ ಸಾರ. ನಾನು ಹುಡುಕಿಕೊಂಡು ಹೋದದ್ದು ಮದ್ದೂರಿನಿಂದ ಗಾಡಿಯಲ್ಲಿ ಅರ್ಧ ದಿನದ ಹಾದಿಯ ಒಂದು ಹಳ್ಳಿಗೆ. ಅಲ್ಲಿ ವರ್ಷ ವರ್ಷವೂ ಕೊಕ್ಕರೆಗಳು ಬಂದು ಮನೆಗಳ ನಡುವಿನ ಹುಣಸೆಮರಗಳಲ್ಲೇ ಗೂಡು ಕಟ್ಟುತ್ತವೆ. ಅವು ಮರಿ ಮಾಡಿಕೊಂಡು ಹೋಗುವವರೆಗೆ ಹುಣಸೆ ಬಡಿಯುವಂತಿಲ್ಲ. ನಿಂಗಮ್ಮನೆಂಬ ಮುದುಕಿಯ ಹಿತ್ತಲ ಮರದಲ್ಲಿ, ತಗ್ಗಿನ ಕೊಂಬೆಯ ಮೇಲೆ, ಮೂರು ಮರಿಗಳ ಗೂಡೊಂದಿತ್ತು. ಹಣ್ಣೆಲ್ಲ ಉದುರಿ ಹಾಳಾಗುವುದಿಲ್ಲವೇ ಎಂದು ಕೇಳಿದೆ. “ತವರಿಗೆ ಬಾಣಂತನಕ್ಕೆ ಬಂದಿರೋ ಎಣ್ಮಕ್ಕಳು ಕನ ಸ್ವಾಮಿ. ಅವ್ರ ತಲೆ ಮ್ಯಾಲೆ ಕೋಲಾಡ್ಸಾರಾ?” ಎಂದಳು.

ಅವಳ ಮಗಳು ಸಾಕಮ್ಮನೂ ಹೆರಿಗೆಗೆ ಬಂದಿದ್ದಳು. ಅವಳ ಹಿಂದಿನ ಎರಡು ಕೂಸುಗಳೂ ಉಳಿದಿರಲಿಲ್ಲ. ಜಗಲಿಯ ಮೇಲೆ ಕಾಲು ಚಾಚಿ ಕೂತು ಅವಳು ದಿನವೆಲ್ಲ ಆ ಗೂಡನ್ನೇ ನೋಡುತ್ತಿದ್ದಳು. ಈ ಮೂರೂ ಹಾರಿದರೆ ತನ್ನದೂ ಉಳಿಯುತ್ತದೆ ಎಂದು ಮನಸ್ಸಿನಲ್ಲಿ ಗಂಟು ಹಾಕಿಕೊಂಡಿದ್ದಾಳೆ ಎಂದು ತಾಯಿ ನನಗೆ ಮೆಲ್ಲಗೆ ಹೇಳಿದಳು. ನಾನು ಅದನ್ನು ಟಿಪ್ಪಣಿ ಪುಸ್ತಕದಲ್ಲಿ ಸ್ಥಳೀಯ ನಂಬಿಕೆ ಎಂದು ಬರೆದುಕೊಂಡೆ.

ಇನ್ನು ಮರೆಯ ಆಯ್ಕೆ. ಮೊದಲು ಹೊಂಗೆ ಸೊಪ್ಪು ಕಟ್ಟಿ ಒಂದು ಗುಡಿಸಲು ಮಾಡಿದೆ. ಪಕ್ಕದ ಮನೆಯವರು ಮಳವಳ್ಳಿ ಕಡೆಯಿಂದ ತಂದಿದ್ದ ಬಂಡೂರು ಟಗರುಗಳು, ಗಿಡ್ಡ ಕಾಲಿನ ಸಾಧು ಪ್ರಾಣಿಗಳು, ನಾನು ಒಳಗೆ ಕೂತಿದ್ದಂತೆಯೇ ಮೂರು ಗೋಡೆಗಳನ್ನು ತಿಂದು ಮುಗಿಸಿದವು. ಆಮೇಲೆ ಗಾಡಿಯ ಕಮಾನಿನ ಕೆಳಗೆ ಕೂತು ನೋಡಿದೆ. ಕೊಂಬೆ ತಗ್ಗಿನದಾದರೂ ಗೂಡು ಆಳೆತ್ತರಕ್ಕಿಂತ ಮೇಲಿತ್ತು, ನನಗೆ ಕಂಡದ್ದು ಕೊಕ್ಕರೆಯ ಕಾಲು ಮಾತ್ರ. ಕೊನೆಗೆ ರಾಗಿ ಹೊಲ ಕಾಯುವವರು ಹಾಕುವಂಥ ಅಟ್ಟಣೆಯನ್ನು ಗೂಡಿನ ಎತ್ತರಕ್ಕೆ ನಿಲ್ಲಿಸಿ, ಸುತ್ತ ಕರಿ ಕಂಬಳಿ ಬಿಗಿದು, ಕ್ಯಾಮೆರಾದ ಕಣ್ಣಿಗಷ್ಟು ಕಂಡಿ ಬಿಟ್ಟೆ. ನಿಂಗಮ್ಮ ಸೊಂಟದ ಮೇಲೆ ಕೈಯಿಟ್ಟು ಇದನ್ನೆಲ್ಲ ನೋಡಿದಳು. “ಕಾಣಂಗೆ ಕುಂತ್ರೆ ಮನುಸಾ ಅಂದ್ಕತವೆ. ಇಂಗೆ ಅವಿತ್ಕಂಡ್ರೆ ಏನಂದ್ಕತವೋ,” ಎಂದಳು. ಅವಳು ಪುಸ್ತಕ ಓದಿದವಳಲ್ಲ ಎಂದುಕೊಂಡು ನಾನು ಕಂಬಳಿಯನ್ನು ಇನ್ನಷ್ಟು ಬಿಗಿದೆ.

ಮರುದಿನ ಬೆಳಗಿನ ಜಾವವೇ ಸಾಕಮ್ಮನಿಗೆ ನೋವು ಕಾಣಿಸಿಕೊಂಡಿತು. ಸೂಲಗಿತ್ತಿ ಬಂದಳು, ಬಾಗಿಲು ಮುಚ್ಚಿತು. ಹಿತ್ತಲಿನ ಕಡೆ ನೋಡುವವರು ಯಾರೂ ಇರಲಿಲ್ಲ. ನಾನು ಅಟ್ಟಣೆ ಹತ್ತಿ ಕಂಬಳಿಯೊಳಗೆ ಸೇರಿಕೊಂಡೆ. ಆ ದಿನದ ನನ್ನ ಟಿಪ್ಪಣಿ ಈಗಲೂ ಇದೆ, ಅಕ್ಷರ ಬಹಳ ಸ್ಪಷ್ಟವಾಗಿದೆ. ಒಂಬತ್ತು ಗಂಟೆ: ತಾಯಿ ಹಕ್ಕಿ ಎದ್ದು ಹೋಯಿತು. ಹತ್ತು: ಆಚೆ ಮರದಲ್ಲಿ ಕೂತಿದೆ, ಗೂಡಿಗೆ ಬರುತ್ತಿಲ್ಲ. ಹನ್ನೊಂದು: ಮರಿಗಳು ಬಾಯಿ ತೆರೆದು ಮೇವು ಕೇಳುತ್ತಿವೆ, ಒಳ್ಳೆಯ ನೋಟ, ಎರಡು ಪ್ಲೇಟು ತೆಗೆದದ್ದಾಯಿತು. ಅವು ಮೇವು ಕೇಳುತ್ತಿರಲಿಲ್ಲ. ತಾಯಿ ರೆಕ್ಕೆ ಬಿಚ್ಚಿ ನಿಂತು ನೆರಳು ಕೊಡಬೇಕಾದ ಹೊತ್ತದು, ಆ ಬಿಸಿಲಿಗೆ ಅವು ಏದುತ್ತಿದ್ದವು. ಹತ್ತು ಮಾರು ದೂರದಲ್ಲಿ ಆ ತಾಯಿ ಕಂಬಳಿಯೊಳಗಿನ ಒಂಟಿ ಗಾಜಿನ ಕಣ್ಣನ್ನೇ ನೋಡುತ್ತ ಕೂತಿತ್ತು. ಏನೋ ಸರಿಯಿಲ್ಲ ಎಂದು ನನಗೂ ಅನ್ನಿಸಿತು. ಆದರೆ ಈಗ ಹೊರಗೆ ಬಂದರೆ ಹಕ್ಕಿ ಹೆದರೀತು, ತಾಳ್ಮೆಯೇ ಮುಖ್ಯ ಎಂದು ಪುಸ್ತಕದಲ್ಲಿತ್ತು. ತಾಳ್ಮೆಯಿಂದ ಕೂತೆ. ಒಂದೂವರೆಗೆ ಒಂದು ಮರಿಯ ಕತ್ತು ಗೂಡಿನ ಅಂಚಿಗೆ ವಾಲಿತು. ಕೆಳಗಿಳಿಯುವಷ್ಟರಲ್ಲಿ ಮೂರೂ ಹೋಗಿದ್ದವು.

ಅದೇ ಹೊತ್ತಿಗೆ ಒಳಗೆ ಕೂಸು ಅತ್ತಿತು. ನಿಂಗಮ್ಮ ನಗುತ್ತ ಹಿತ್ತಲಿಗೆ ಬಂದವಳು ಗೂಡು ನೋಡಿದಳು, ಅಟ್ಟಣೆ ನೋಡಿದಳು, ಕೊನೆಗೆ ನನ್ನನ್ನು ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. ಕಂಬಳಿಯನ್ನು ಬಿಚ್ಚಿ ಮಡಿಸಿ ನನ್ನ ಕೈಗಿಟ್ಟಳು.

“ಅಸಿ ಬಾಣಂತಿ ಅವಳು. ಕೇಳ್ತಾಳೆ. ಆರೋದ್ವು ಅಂದ್ಬುಡಿ ಸ್ವಾಮಿ. ನಾ ಏಳುದ್ರೆ ನಂಬಕಿಲ್ಲ, ನೀವು ಪೇಪರ್ನೋರು.”

ಬಾಗಿಲಿನ ಆಚೆಯಿಂದ ಸಾಕಮ್ಮ ಕೇಳಿಯೇ ಕೇಳಿದಳು. ವರದಿಗಾರನಾದ ಮೇಲೆ ಕಾಣದ್ದನ್ನು ಕಂಡೆನೆಂದು ನಾನು ಅದುವರೆಗೆ ಹೇಳಿದ್ದಿಲ್ಲ. ಹಾರಿದವು ಕಣಮ್ಮ, ಮೂರೂ ಹಾರಿದವು ಎಂದೆ. “ಅವು ಆರೋ ಪಟ ತಗುದ್ರಾ? ನಂಗೊಂದು ಕೊಡಿ,” ಎಂದಳು. ಆಗಲಿ ಎಂದೆ.

ಪತ್ರಿಕೆಗೆ ನಾಲ್ಕು ಸಾಲು ಕಳಿಸಿದೆ. ಬಿಸಿಲಿನ ತಾಪಕ್ಕೆ ಸಿಕ್ಕಿ ಮೂರು ಕೊಕ್ಕರೆ ಮರಿಗಳು ಸತ್ತಿರುವುದಾಗಿ ತಿಳಿದುಬಂದಿದೆ. ಸಂಪಾದಕರು ಒಂದಕ್ಷರವನ್ನೂ ಹೊಡೆಯದೆ ಹಾಕಿದರು. ಸಾಕಮ್ಮನಿಗೆ ಓದಲು ಬಾರದು ಎಂಬುದು ನನಗೆ ಸಮಾಧಾನವಾಯಿತು. ಬರೆಯುವವನಿಗೆ ಬರಬಾರದ ಸಮಾಧಾನ ಅದು.

ಕೂಸು ಉಳಿಯಿತು. ಮದ್ದೂರಿನಲ್ಲಿ ಒಮ್ಮೆ ಎದುರಾದಾಗ ಅವಳು ಕಂಕುಳಿನ ಮಗನಿಗೆ ನನ್ನನ್ನು ತೋರಿಸಿ, “ನೀನ್ ಉಟ್ಟಿದ್ ದಿನವೇ ಆರೋದ್ವಲ್ಲ, ಆ ಅಕ್ಕಿ ಪಟ ಈ ಸ್ವಾಮಿ ತಾವ ಅದೆ ಕನ್ಲಾ,” ಎಂದಳು. ಪ್ಲೇಟು ಇನ್ನೂ ತೊಳೆದು ಪಟ ಮಾಡಿಲ್ಲ ಎಂದೆ. ಅಲ್ಲಿಂದೀಚೆಗೆ ಮದ್ದೂರು ಸ್ಟೇಷನ್ನಿನಲ್ಲಿ ರೈಲು ನಿಂತಷ್ಟು ಹೊತ್ತೂ ನಾನು ಕಿಟಕಿಯ ಪಕ್ಕ ಪತ್ರಿಕೆಯನ್ನು ಅಗಲವಾಗಿ ಬಿಡಿಸಿ ಮುಖಕ್ಕೆ ಹಿಡಿದುಕೊಳ್ಳುತ್ತೇನೆ. ಅಲುಗಾಡುವುದಿಲ್ಲ. ನಾನು ಇದುವರೆಗೆ ಕಟ್ಟಿದ ಮರೆಗಳಲ್ಲಿ ಚೆನ್ನಾಗಿ ಕೆಲಸ ಮಾಡಿರುವುದು ಇದೊಂದೇ. ಇದಕ್ಕೆ ನೋಡುವ ಕಂಡಿಯನ್ನು ಮಾತ್ರ ನಾನು ಇಟ್ಟುಕೊಂಡಿಲ್ಲ.