ಝಾಂಜಿನವನ ವಿಶ್ರಾಂತಿ

ಧಾರವಾಡ, ಫೆಬ್ರವರಿ ೧೯೬೪

ಕಾಲೇಜು ಹಾಗೂ ನಾಗರಿಕರ ಸಿಂಫನಿ ವಾದ್ಯವೃಂದದ ಮಾನ್ಯ ಕಾರ್ಯಾಧ್ಯಕ್ಷರೇ,

ತಮ್ಮ ಪಾದಗಳಿಗೂ, ಅವು ದಿನ ಬಿಟ್ಟು ದಿನ ಏರುವ ವೇದಿಕೆಗಳಿಗೂ, ಆ ವೇದಿಕೆಗಳ ಮೇಲೆ ತಮ್ಮನ್ನು ತಾಸುಗಟ್ಟಲೆ ತಾಳಿಕೊಂಡು ನಿಲ್ಲುವ ಮೈಕಿಗೂ ಈ ವಾದಕನ ಅನಂತ ನಮಸ್ಕಾರಗಳು. ನಾವು ಇತ್ತ ಕ್ಷೇಮ. ತಮ್ಮ ಕ್ಷೇಮವನ್ನು ವಿಚಾರಿಸುವ ಕಾರಣವೇ ಇಲ್ಲ, ಏಕೆಂದರೆ ಸಿಂಫನಿಯಾದ ಮರುದಿನದಿಂದ ತಾವು ಕೊರಳಲ್ಲಿ ಹಾರವಿಲ್ಲದೆ ಯಾರ ಕಣ್ಣಿಗೂ ಬಿದ್ದಿಲ್ಲವಂತೆ.

ನಾನು ಸೋಮಪ್ಪ, ಹೈಸ್ಕೂಲಿನಲ್ಲಿ ಲೆಕ್ಕದ ಮಾಸ್ತರ, ತಮ್ಮ ವಾದ್ಯವೃಂದದಲ್ಲಿ ಎರಡು ದೊಡ್ಡ ಹಿತ್ತಾಳೆಯ ಝಾಂಜುಗಳನ್ನು ಒಂದಕ್ಕೊಂದು ಬಡಿಯುವ ಕೆಲಸದವನು. ತಾವು ನನ್ನನ್ನು ವಾದಕರ ಸಾಲಿನಿಂದ ತೆಗೆದು ಸ್ವಾಗತ ಸಮಿತಿಗೆ ಬಡ್ತಿ ಕೊಟ್ಟಿರುವುದಾಗಿಯೂ, 'ಝಾಂಜಿನ ಪೆಟ್ಟು ಬೀಳದಿದ್ದರೂ ಸಭೆಯಲ್ಲಿ ಯಾರಿಗೂ ಏನೂ ಕಡಿಮೆಯಾದಂತೆ ಅನ್ನಿಸಲಿಲ್ಲವಾದ್ದರಿಂದ' ಆ ಪೆಟ್ಟನ್ನೇ ಇನ್ನು ಮುಂದೆ ಕೈಬಿಡಲಾಗುವುದೆಂದೂ ಬರೆದಿದ್ದೀರಿ. ಇಂಥ ಔದಾರ್ಯಕ್ಕೆ ಖಾಸಗಿಯಾಗಿ ಉತ್ತರಿಸಿದರೆ ತಮ್ಮ ಕೀರ್ತಿಗೆ ಅನ್ಯಾಯವಾದೀತೆಂದು ಹೆದರಿ, ಊರೆಲ್ಲ ಓದಲೆಂದು ಬಹಿರಂಗವಾಗಿ ಬರೆಯುತ್ತಿದ್ದೇನೆ.

ಸಿಂಫನಿ ಎಂದರೆ ಏನೆಂದು ಧಾರವಾಡಕ್ಕೆ ಕಲಿಸಿದವರು ತಾವು. ಅದಕ್ಕೂ ಮೊದಲು ನಾವು ತೀರ ಅನಾಗರಿಕರಾಗಿದ್ದೆವು. ಒಳ್ಳೆಯ ತಾನ ಬಂದರೆ 'ವ್ಹಾ' ಅನ್ನುತ್ತಿದ್ದೆವು, ತಾಳದ ಸಮಕ್ಕೆ ತಲೆದೂಗುತ್ತಿದ್ದೆವು. ಸಿಂಫನಿ ನಡೆದಾಗ ಉಸಿರನ್ನೂ ಗಟ್ಟಿಯಾಗಿ ಬಿಡಬಾರದೆಂದು ತಾವು ಸ್ವಾಗತ ಭಾಷಣದಲ್ಲಿ ಮುಕ್ಕಾಲು ತಾಸು ತಿಳಿಸಿ ಹೇಳಿದಿರಿ. ಕನ್ನಡದ ಮೇಲಿನ ಅಭಿಮಾನದಿಂದ ತಾವು ಇಂಗ್ಲಿಷಿನ ಸ್ವರಲಿಪಿಯ ಮಾತುಗಳನ್ನೆಲ್ಲ ಕನ್ನಡಕ್ಕೆ ತಿರುಗಿಸಿ ಪ್ರತಿಯೊಬ್ಬ ವಾದಕನ ಹಾಳೆಯ ಮೇಲೂ ಬರೆಸಿದಿರಿ. ವಾದಕನು ನುಡಿಸದೆ ಸುಮ್ಮನಿರಬೇಕಾದ ಜಾಗಕ್ಕೆಲ್ಲ ತಾವು ಹುಡುಕಿ ಹುಡುಕಿ ಕೊಟ್ಟ ಶಬ್ದ 'ವಿಶ್ರಾಂತಿ'. ನನ್ನ ಹಾಳೆ ಮೊದಲಿನಿಂದ ಕೊನೆಯವರೆಗೆ ವಿಶ್ರಾಂತಿ, ವಿಶ್ರಾಂತಿ, ವಿಶ್ರಾಂತಿ ಎಂದೇ ಇತ್ತು, ನಾಲ್ಕನೆಯ ಭಾಗದ ತುದಿಯಲ್ಲಿ ಒಂದೇ ಒಂದು ಪೆಟ್ಟಿತ್ತು.

ಆದರೆ ತಾವು ಶಬ್ದ ಕೊಟ್ಟು ಸುಮ್ಮನಾಗುವವರಲ್ಲ, ಕೊಟ್ಟ ಶಬ್ದವನ್ನು ಸ್ವತಃ ನಂಬುವವರು. ವಿಶ್ರಾಂತಿಯಲ್ಲಿದ್ದವನು ಖಾಲಿ ಕೂತಿದ್ದಾನೆ, ಖಾಲಿ ಕೂತವನಿಗೆ ಕೆಲಸ ಹಚ್ಚಬೇಕು ಎಂಬ ಆಡಳಿತ ಸೂತ್ರ ತಮಗೆ ಹೊಳೆದದ್ದೇ ಆಗ. ದೊಡ್ಡ ಪಿಟೀಲಿನಂಥ ಸೆಲ್ಲೋ ನುಡಿಸುವ ಅಕ್ಕಂದಿರು ತಮ್ಮ ವಿಶ್ರಾಂತಿಯಲ್ಲಿ ಬಾಗಿಲಿಗೆ ರಂಗೋಲಿ ಹಾಕಿದರು. ತುತ್ತೂರಿಯ ಕಾಸಿಮಸಾಬರು, ಹುಬ್ಬಳ್ಳಿಯಲ್ಲಿ ಮದುವೆ ಬ್ಯಾಂಡು ನಡೆಸುವವರು, ತಾಲೀಮಿನ ಹೊತ್ತಿಗೆ ತಮ್ಮ ಅಪ್ಪಣೆಯಂತೆ ಚಹಾ ತರಲು ಹೋಗಿ, ಊದುವ ಪಾಳಿ ಬಂತೆಂದು ಓಡಿ ಬಂದು, ಒಂದು ಕೈಯಲ್ಲಿ ಕಿಟ್ಲಿ ಹಿಡಿದುಕೊಂಡೇ ಬಾಗಿಲಲ್ಲಿ ನಿಂತು ಊದಿದರು. ಬ್ಯಾಂಡ್ ಮಾಸ್ತರರು, ಪಲ್ಟನ್ನಿನಿಂದ ನಿವೃತ್ತರಾಗಿ ನಮಗೆಲ್ಲ ಕಲಿಸಲು ಬಂದ ಆ ಪಾಪದ ಮನುಷ್ಯ, ಹಣೆ ಹಣೆ ಬಡಿದುಕೊಂಡರು. ತಾವು ಮಾತ್ರ ಚಹಾಕ್ಕೆ ಸಕ್ಕರೆ ಕಡಿಮೆಯಾಯಿತೆಂದು ಮುಖ ಗಂಟು ಹಾಕಿಕೊಂಡಿರಿ.

ಮಹಾಶಯರೇ, ಆ ವಿಶ್ರಾಂತಿ ಎಂಥದೆಂದು ಅದನ್ನು ಉಂಡವನು ಹೇಳುತ್ತೇನೆ, ಕೇಳಿ. ಉಳಿದವರು ನುಡಿಸುತ್ತಿರುವಾಗ ನಾನು ಒಂದೊಂದು ಆವರ್ತನವನ್ನೂ ಮನಸ್ಸಿನಲ್ಲೇ ಎಣಿಸುತ್ತ ಕೂಡ್ರಬೇಕು. ಸೊಳ್ಳೆ ಕಚ್ಚಿದರೆ ಕಚ್ಚಿಸಿಕೊಳ್ಳಬೇಕು. ಒಂದು ತಪ್ಪಿತೋ, ಮುಗಿಯಿತು. ಮುಂಚೆ ಬಡಿದರೆ ಹುಚ್ಚ, ತಡವಾಗಿ ಬಡಿದರೆ ಪೆದ್ದ. ಐದು ತಿಂಗಳು ನಾನು ಹೀಗೆ ವಿಶ್ರಾಂತಿ ಪಡೆದು ಪಡೆದು ಸೊರಗಿಹೋದೆ. ನಿದ್ದೆಯಲ್ಲೂ ಎಣಿಸುತ್ತಿದ್ದೆನೆಂದು ನನ್ನ ಹೆಂಡತಿ ದೇವಕ್ಕ ಹೇಳುತ್ತಾಳೆ.

ಇಷ್ಟೆಲ್ಲ ಒಂದು ಪೆಟ್ಟಿಗಾಗಿಯೇ ಎಂದು ತಾವು ನಗಬಹುದು. ಹೌದು, ಒಂದು ಪೆಟ್ಟಿಗಾಗಿಯೇ. ನಮ್ಮಪ್ಪ ಯಂಕಣ್ಣ ಗರಗದಲ್ಲಿ ಹಲಗಿ ಬಾರಿಸುತ್ತಿದ್ದ. ಊರವರ ಮದುವೆಗೆ ಬಾರಿಸಿದ, ಹಬ್ಬಕ್ಕೆ ಬಾರಿಸಿದ, ಸಾವಿಗೆ ಬಾರಿಸಿದ; ಬಾರಿಸಿದ್ದೆಲ್ಲ ಚಪ್ಪರದ ಹೊರಗೆ, ಕಟ್ಟೆಯ ಕೆಳಗೆ, ನಿಂತುಕೊಂಡು. ಒಳಗೆ ಕರೆದು ಕೂಡ್ರಿಸಿ 'ಬಾರಿಸು' ಎಂದವರು ಒಬ್ಬರೂ ಇಲ್ಲ. ಯಾಕೆಂದು ತಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ, ತಾವು ಸಮಾಜ ಸುಧಾರಣೆಯ ಮೇಲೂ ಭಾಷಣ ಮಾಡುವವರು. ಅಂಥವನ ಮಗ ವೇದಿಕೆಯ ಮೇಲೆ, ಕುರ್ಚಿಯ ಮೇಲೆ ಕುಳಿತು ಬಾರಿಸುತ್ತಾನೆಂದು ಕೇಳಿ ನಮ್ಮವ್ವ ಗುಡ್ಡವ್ವ, ತಾನೇ ನೂತ ನೂಲಿನ ಖಾದಿಗೆ ಕರಿ ಬಣ್ಣ ಹಾಕಿಸಿ, ನನಗೊಂದು ಕೋಟು ಹೊಲಿಸಿಕೊಟ್ಟು, ಆ ಸಂಜೆ ಗರಗದ ಬಸ್ಸು ಹಿಡಿದು ಬಂದಳು. ಹಿಂದಿನ ಸಾಲಿನಲ್ಲಿ ಕುಳಿತು, 'ನೀ ಬಾರಸೂತನಕ ನಾ ಕಣ್ಣ ಪಿಳಿಕಿಸಂಗಿಲ್ಲ' ಎಂದಳು.

ಆ ಸಂಜೆಯ ತಮ್ಮ ಕಾರ್ಯದಕ್ಷತೆಯನ್ನು ಎಷ್ಟು ಕೊಂಡಾಡಿದರೂ ನನ್ನ ನಾಲಿಗೆ ದಣಿಯುವುದಿಲ್ಲ. ಬೆಂಗಳೂರಿನಿಂದ ಬಂದ ಮುಖ್ಯ ಅತಿಥಿಗಳಿಗೆ ರೈಲಿನ ಹೊತ್ತಾಗಿತ್ತು. ಸಿಂಫನಿಯ ಮೂರು ಭಾಗ ಮುಗಿದು ನಾಲ್ಕನೆಯದು ಸುರುವಾಗುವುದರಲ್ಲಿತ್ತು. ಸಂಗೀತ ನಡೆದಿರುವಾಗಲೇ ಹಾರ ಹಾಕಿದರೆ ಹಿನ್ನೆಲೆ ವಾದ್ಯವೂ ಆಯಿತು, ಹೊತ್ತೂ ಉಳಿಯಿತು ಎಂಬುದು ತಮ್ಮ ತಲೆಗಲ್ಲದೆ ಇನ್ನಾರ ತಲೆಗೆ ಹೊಳೆದೀತು! ಹಾರ ಇತ್ತು, ತುರಾಯಿ ಇತ್ತು, ಹಣ್ಣಿತ್ತು, ಇಡಲು ತಾಟು ಮಾತ್ರ ಇರಲಿಲ್ಲ. ತಾವು ಬಗ್ಗಿಕೊಂಡು ನಮ್ಮ ಹಿಂದೆ ಬಂದವರು, ನನ್ನ ಮಗ್ಗುಲಿಗಿದ್ದ ಸ್ಟೂಲಿನ ಮೇಲೆ ಫಳಫಳ ಹೊಳೆಯುವ ಎರಡು ಝಾಂಜುಗಳನ್ನು ಕಂಡಿರಿ. ಒಂದನ್ನು ಅಂಗಾತ ತಿರುಗಿಸಿದರೆ ನಡುವಿನ ತಗ್ಗಿನಲ್ಲಿ ಹಾರ ಹೇಗೆ ಗಟ್ಟಿಯಾಗಿ ಕೂಡ್ರುತ್ತದೆಂಬುದನ್ನು ಝಾಂಜು ಎರಕ ಹೊಯ್ದವನೂ ಯೋಚಿಸಿರಲಾರ. 'ಸೋಮಪ್ಪನವರ, ನಿಮಗ ಹೆಂಗೂ ವಿಶ್ರಾಂತಿನೇ ಅದಲ್ರಿ, ಲಗೂನ ಇವನ್ನ ಹಿಡಕೊಂಡು ನನ್ನ ಹಿಂದ ಬರ್ರಿ' ಎಂದಿರಿ. ಮಾತಾಡಲು ಬಾಯಿ ತೆರೆದೆ. ತಾವು ತುಟಿಯ ಮೇಲೆ ಬೆರಳಿಟ್ಟು, ಸಿಂಫನಿಯಲ್ಲಿ ಮಾತಾಡಬಾರದೆಂದು ಕಣ್ಣಲ್ಲೇ ಗದರಿದಿರಿ.

ಹೀಗಾಗಿ ನಾನು ಅವ್ವನ ಕರಿ ಕೋಟು ಹಾಕಿಕೊಂಡು, ಬಲಗೈಯ ಝಾಂಜಿನಲ್ಲಿ ಹಾರ ತುರಾಯಿ, ಎಡಗೈಯ ಝಾಂಜಿನಲ್ಲಿ ಮೋಸಂಬಿ ಹಣ್ಣು ಹೊತ್ತುಕೊಂಡು, ಇಡೀ ಸಭೆಯ ಎದುರು ಮುಖ್ಯ ಅತಿಥಿಗಳ ಮುಂದೆ ನಿಂತೆ. ತಾವು ಹಾರವನ್ನೆತ್ತಿ ಫೋಟೋದವನು ಬರಲೆಂದು ಕಾದಿರಿ, ಅವನು ಬಲ್ಬು ಹಾಕುವವರೆಗೂ ಕಾದಿರಿ, ಹಾರವನ್ನು ಮತ್ತೆ ಝಾಂಜಿನಲ್ಲಿಟ್ಟು ಇನ್ನೊಮ್ಮೆ ಎತ್ತಿದಿರಿ. ಇತ್ತ ನಾನು ಎಣಿಸುತ್ತಲೇ ಇದ್ದೆ, ಬಿಟ್ಟಿರಲಿಲ್ಲ. ಪಿಟೀಲುಗಳೆಲ್ಲ ಏರಿ ಏರಿ ಬಂದವು, ಕಾಸಿಮಸಾಬರ ತುತ್ತೂರಿ ಸೇರಿತು, ಬ್ಯಾಂಡ್ ಮಾಸ್ತರರು ಮೈಯೆಲ್ಲ ಎತ್ತರಿಸಿ ನನ್ನ ಖಾಲಿ ಕುರ್ಚಿಯ ಕಡೆಗೆ ಕೈ ಚಾಚಿದರು. ಎರಡೂ ಝಾಂಜುಗಳು ಆಗ ನನ್ನ ಕೈಯಲ್ಲೇ ಇದ್ದವು, ಸ್ವಾಮಿ! ಬಡಿದಿದ್ದರೆ ಮೋಸಂಬಿಗಳು ಅತಿಥಿಗಳ ರುಮಾಲಿನ ಮೇಲೆ ಉದುರುತ್ತಿದ್ದವು, ಅಷ್ಟೇ. ಬಡಿಯಲಿಲ್ಲ. ನನಗೆ ಮರ್ಯಾದೆ ಅಡ್ಡಬಂತು, ತಮಗೆ ಅದು ಯಾವತ್ತೂ ಅಡ್ಡಬಂದದ್ದಿಲ್ಲ.

ಮುಗಿದ ಮೇಲೆ ನಮ್ಮವ್ವನನ್ನು ಬಸ್ಸಿಗೆ ಕೂಡ್ರಿಸಲು ಹೋದೆ. ಐದು ತಿಂಗಳು ನಾನು ಯಾವುದಕ್ಕಾಗಿ ಸತ್ತೆನೋ ಆ ಪೆಟ್ಟು ತಪ್ಪಿದ್ದು ಅವಳಿಗೆ ಗೊತ್ತಾಗಿರಲಿಲ್ಲ; ಬಾರಿಸುವ ಮಾತು ಬರೀ ಮಾತೆಂದೂ, ಆ ತಾಟು ಹಿಡಿಯುವುದೇ ಕೊನೆಗೆ ನನ್ನ ಪಾಲಿಗೆ ಬಂದ ಕೆಲಸವೆಂದೂ ತಿಳಿದಿದ್ದಳು. 'ಛಲೋ ಹಿಡದಿಯಪಾ, ಒಂದ ಹಣ್ಣೂ ಬೀಳಲಿಲ್ಲ' ಎಂದಳು. ಆಮೇಲೆ ನನ್ನ ಮುಖ ನೋಡದೆ, 'ಇರಲಿ ಬಿಡು, ಒಳಗ ಬಿಟ್ಟಾರಲ್ಲ, ಸಾಕು' ಎಂದಳು. ನನಗೆ ಅಳು ಬಂತು, ಬಸ್ಸು ಹೋದ ಮೇಲೆ ಅತ್ತೆ.

ಇಷ್ಟಾದರೂ ತಮ್ಮ ಮೇಲಿನ ಗೌರವ ಒಂದು ಗುಂಜಿಯಷ್ಟೂ ಕಡಿಮೆಯಾಗದ ಕಾರಣ, ಕೆಲವು ಸಣ್ಣ ಬೇಡಿಕೆಗಳನ್ನು ಸಲ್ಲಿಸುತ್ತೇನೆ. ಬರುವ ವರ್ಷದ ಸಿಂಫನಿಯಲ್ಲಿ ಝಾಂಜಿನ ಪೆಟ್ಟನ್ನಷ್ಟೇ ಏಕೆ, ಪಿಟೀಲು ತುತ್ತೂರಿಗಳನ್ನೂ ಕೈಬಿಟ್ಟು, ಸ್ವಾಗತ, ಪರಿಚಯ, ಹಾರಾರ್ಪಣೆ, ವಂದನಾರ್ಪಣೆ ಎಂಬ ನಾಲ್ಕು ಭಾಗಗಳ ಸಿಂಫನಿಯನ್ನು ತಾವೊಬ್ಬರೇ ನುಡಿಸಬೇಕು. ನಾವೆಲ್ಲ ಉಸಿರು ಬಿಗಿಹಿಡಿದು ಕೇಳುತ್ತೇವೆ. ತಮ್ಮ ಭಾಷಣದ ಹಾಳೆಗೂ ಅಲ್ಲಲ್ಲಿ ವಿಶ್ರಾಂತಿ ಎಂದು ಬರೆಯಲು ಬ್ಯಾಂಡ್ ಮಾಸ್ತರರಿಗೆ ಅಪ್ಪಣೆಯಾಗಬೇಕು. ಅದೂ ಆಗದಿದ್ದರೆ, ಆ ಸಂಜೆಯ ನಾಲ್ಕನೆಯ ಭಾಗವನ್ನು, ಅದೇ ಅತಿಥಿಗಳನ್ನು, ಹೋಗಿಬಿಟ್ಟ ಆ ರೈಲನ್ನು ತಿರುಗಿ ತರಿಸಿ, ನಮ್ಮವ್ವನ ಬಾಯಿಂದ ಬಿದ್ದ ಆ 'ಸಾಕು' ಎಂಬ ಮಾತನ್ನು ಅವಳು ಹಿಂದಕ್ಕೆ ತೆಗೆದುಕೊಳ್ಳುವಂತೆ ಮಾಡಿಕೊಡಬೇಕು. ಸ್ವಾಗತ ಸಮಿತಿಯ ಬಡ್ತಿಯನ್ನು ಕೈಮುಗಿದು ಮರಳಿಸಿದ್ದೇನೆ. ನನ್ನ ಕುರ್ಚಿ ನನಗೆ ಬೇಕು.

ತಮ್ಮ ಎಣಿಕೆಗೆ ಸಿಗದ, ಆದರೆ ಎಣಿಸುವುದನ್ನು ಬಿಡದ,
ತಮ್ಮ ವಿಶ್ವಾಸಿ,
ಸೋಮಪ್ಪ ಯಂಕಣ್ಣ ಗರಗ

ತಾ.ಕ.: ಝಾಂಜುಗಳನ್ನು ಲಗೂನೆ ಮರಳಿಸಬೇಕೆಂದು ತಾವು ಜವಾನನನ್ನು ಅಟ್ಟಿದ್ದಿರಿ. ತಡವಾದದ್ದಕ್ಕೆ ಕ್ಷಮೆಯಿರಲಿ, ಅವು ರವಿವಾರ ನನ್ನ ಜೊತೆ ಗರಗಕ್ಕೆ ಹೋಗಿದ್ದವು. ನಮ್ಮ ಮನೆಯ ಮುಂದೆ ಕುರ್ಚಿ ಹಾಕಿ, ಕರಿ ಕೋಟು ತೊಟ್ಟು ಕುಳಿತು, ಅವ್ವನನ್ನು ಎದುರಿಗೆ ಕೂಡ್ರಿಸಿಕೊಂಡು, ಉಳಿದುಹೋಗಿದ್ದ ಆ ಪೆಟ್ಟನ್ನು ಹೊಡೆದೆ. ಓಣಿಯ ಕೋಳಿಗಳೆಲ್ಲ ಮಾಳಿಗೆ ಏರಿದವು. ಅದರ ನಾದ ಪೂರ್ತಿ ಅಡಗುವವರೆಗೆ ಅವ್ವ ಕಣ್ಣು ಪಿಳುಕಿಸಲಿಲ್ಲ. ಆಮೇಲೆ, 'ಇಷ್ಟು ಕೇಳಾಕ ಪುರಸೊತ್ತ ಇರಲಿಲ್ಲೇನೋ ಅವರಿಗೆ?' ಎಂದು ಕೇಳಿದಳು, 'ಇನ್ನೊಮ್ಮೆ ಬಾರಸು' ಎಂದಳು. ಝಾಂಜುಗಳನ್ನು ಇದರ ಜೊತೆಗೇ ಕಳಿಸಿದ್ದೇನೆ, ನಮ್ಮ ಮನೆಯ ಎರಡು ಜರ್ಮನ್ ತಾಟುಗಳನ್ನೂ, ಬರೀ ಅಲ್ಯುಮಿನಿಯಮ್ಮಿನವು, ಕಳಿಸಿದ್ದೇನೆ. ಮುಂದಿನ ಸಲ ಹಾರವನ್ನು ಅವುಗಳಲ್ಲಿ ಇಡಬಹುದು. ಹಿಡಿಯಲು ಯಾರನ್ನೂ ಹುಡುಕಬೇಕಾಗಿಲ್ಲ. ಸಂಗೀತ ನಡೆದಷ್ಟು ಹೊತ್ತು ತಮಗೆ ಹೇಗೂ ವಿಶ್ರಾಂತಿಯೇ ಇದೆ.