ಚಾರ್ಜರಿನ ಹಸಿರು ದೀಪದವರ ಸನ್ನಿಧಾನಕ್ಕೆ

ಮಾನ್ಯರೇ,

ನಮ್ಮ ಊಟದ ಮೇಜಿನ ಮೂಲೆಯಲ್ಲಿ, ಬ್ಯಾಟರಿ ಚಾರ್ಜರಿನ ನೆತ್ತಿಯ ಮೇಲೆ, ಸಾಸಿವೆ ಕಾಳಿನಷ್ಟೇ ಇದ್ದರೂ ನ್ಯಾಯಾಧೀಶರ ಗತ್ತಿನಲ್ಲಿ ವಿರಾಜಮಾನರಾಗಿರುವ ತಮಗೆ, ಕನ್ನಡಕದ ಅಂಗಡಿ ಇಟ್ಟುಕೊಂಡಿರುವ ಈ ಬಡಪಾಯಿಯ ಸಾಷ್ಟಾಂಗ ನಮಸ್ಕಾರಗಳು. ತಾವು ಕ್ಷೇಮವೇ ಎಂದು ಕೇಳುವುದು ಅಧಿಕಪ್ರಸಂಗವಾದೀತು; ತಾವು ಸದಾ ಕ್ಷೇಮ, ತಮ್ಮ ಬಳಿ ಬಂದವರೆಲ್ಲರೂ ಕ್ಷೇಮ. ನನ್ನ ತಕರಾರು ಇರುವುದೇ ಅಲ್ಲಿ.

ನನ್ನ ಹೆಂಡತಿ ರಿಮೋಟಿನಿಂದ ಹಾರಿಸುವ ಪುಟ್ಟ ವಿಮಾನವೊಂದನ್ನು ಸ್ವಂತ ಕೈಯಿಂದ ಕಟ್ಟಿದಳೆಂಬುದು ತಮಗೆ ಗೊತ್ತೇ ಇದೆ. ಅದು ಮೇಜನ್ನೆಲ್ಲ ಆಕ್ರಮಿಸಿದ್ದರಿಂದ ನಾವಿಬ್ಬರೂ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಂಡದ್ದನ್ನು ತಾವೇ ಕಂಡಿದ್ದೀರಿ. ರೆಕ್ಕೆಯ ಪಟ್ಟಿಗಳನ್ನು ಬ್ಲೇಡಿನಿಂದ ಕೊಯ್ದವಳು, ಮೇಲಿನ ಹಾಳೆಯನ್ನು ಇಸ್ತ್ರಿಪೆಟ್ಟಿಗೆಯಿಂದ ಸುಕ್ಕಿಲ್ಲದಂತೆ ಅಂಟಿಸಿದವಳು ಅವಳೇ. ನನಗೆ ಒಪ್ಪಿಸಿದ್ದು ಒಂದೇ ಕೆಲಸ: ಬ್ಯಾಟರಿ ಗಟ್ಟಿಯಿದೆಯೋ ಇಲ್ಲವೋ ನೋಡುವುದು. ಬ್ಯಾಟರಿಯೋ ಹಳೆಯದು, ಅವಳ ತಂಗಿಯ ಗಂಡ, ಅಂದರೆ ನನ್ನ ಷಡ್ಡಕ, ‘ಸುಮ್ನೆ ಇಟ್ಕೊಳಿ ಅಣ್ಣಾ’ ಎಂದು ದಯಪಾಲಿಸಿದ್ದು. ಷಡ್ಡಕ ಸುಮ್ಮನೆ ಕೊಡುತ್ತಾನೆಂದಾಗಲೇ ಅನುಮಾನ ಬರಬೇಕಿತ್ತು, ಆದರೆ ತಾವಿರುವಾಗ ನನಗೇಕೆ ಆ ಉಸಾಬರಿ!

ನಾನು ಒಂದು ಲೋಟ ಟೀ ಕುಡಿದು ಲೋಟ ತೊಳೆದಿಡುವಷ್ಟರಲ್ಲಿ ತಾವು ‘ತುಂಬಿತು’ ಎಂದು ಹಸಿರಾದಿರಿ. ಹೊಸ ಬ್ಯಾಟರಿಗಳಾದರೆ ಗಂಟೆಗಟ್ಟಲೆ ಕಾಯಿಸುತ್ತವೆ, ಇದು ನೋಡು ಎಷ್ಟು ಚುರುಕು ಎಂದು ನಾನು ಹೆಂಡತಿಯೆದುರು ಜಂಬ ಕೊಚ್ಚಿಕೊಂಡೆ. ವಯಸ್ಸಾದ ಬ್ಯಾಟರಿಯ ಹೊಟ್ಟೆ ಕುಗ್ಗಿ, ಹಿಡಿಸುವುದೇ ಒಂದು ಗುಟುಕಾದ್ದರಿಂದ ಅದು ಬೇಗ ತುಂಬುತ್ತದೆಂಬುದು ಈ ಮಂಕನಿಗೆ ಹೊಳೆಯಲೇ ಇಲ್ಲ. ಅದರ ಪಕ್ಕೆ ಊದಿಕೊಂಡಿದ್ದನ್ನು ಕಂಡು ಅವಳು ಹುಬ್ಬು ಗಂಟಿಕ್ಕಿದಾಗ, ‘ಮೈಕೈ ತುಂಬ್ಕೊಂಡಿದೆ ಅಷ್ಟೇ ಕಣೇ’ ಎಂದವನೂ ನಾನೇ. ದಿನವಿಡೀ ಊರವರ ಕಣ್ಣು ಪರೀಕ್ಷಿಸುವ ಕಸುಬು ನನ್ನದು, ಸ್ವಾಮಿ.

ಭಾನುವಾರ ಮೈದಾನದಲ್ಲಿ ಅವಳು ಕೊನೆಯ ಸಲ ಕೇಳಿದಳು, ‘ಬ್ಯಾಟರಿ ಸರಿ ಇದೆ ತಾನೇ?’ ‘ಹಸಿರು ಬಂದಿದೆ’ ಎಂದೆ. ವಿಮಾನ ಏರಿತು, ಅವಳು ಚಿಕ್ಕ ಹುಡುಗಿಯ ಹಾಗೆ ನಕ್ಕಳು, ಇನ್ನೂ ಮೇಲೆ ಹೋಗಲೆಂದು ಪೂರ್ತಿ ವೇಗ ಕೊಟ್ಟಳು. ಕೂತಲ್ಲಿ ಪೈಲ್ವಾನನಂತಿದ್ದ ಬ್ಯಾಟರಿ, ಮೂಟೆ ಎತ್ತಪ್ಪಾ ಎಂದ ಕೂಡಲೇ ಕುಸಿದು ಕುಳಿತಿತು. ಮೋಟಾರು ಮೌನ ತಾಳಿತು, ವಿಮಾನ ನೇರವಾಗಿ ಗೋಲುಕಂಬಕ್ಕೆ ಹೋಗಿ ಬಡಿಯಿತು. ಚೂರುಗಳನ್ನು ನಾನು ನನ್ನ ಅಂಗಿಯಲ್ಲಿ ಕಟ್ಟಿಕೊಂಡು ತಂದೆ. ಅವಳು ಅವನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿ, ಮುರಿಯದೆ ಉಳಿದ ಪಟ್ಟಿಗಳನ್ನು ಎಣಿಸಿದಳು.

ತಮ್ಮ ಕರುಣೆಯನ್ನು ಎಷ್ಟು ಹೊಗಳಿದರೂ ಕಡಿಮೆಯೇ. ತಮ್ಮಂಥವರು ಆಸ್ಪತ್ರೆಯಲ್ಲಿದ್ದಿದ್ದರೆ ಹಾಸಿಗೆಗಳ ಅಭಾವವೇ ಇರುತ್ತಿರಲಿಲ್ಲ, ಬಂದವರನ್ನೆಲ್ಲ ಸಂಜೆಯೊಳಗೆ ಡಿಸ್ಚಾರ್ಜ್ ಮಾಡಿಬಿಡುತ್ತಿದ್ದಿರಿ. ಇಷ್ಟಾಗಿಯೂ ನನ್ನದೊಂದು ಸಣ್ಣ ಬೇಡಿಕೆ. ತಾವು ಹಸಿರಾಗುವ ಮುನ್ನ ಬ್ಯಾಟರಿಯವರಿಂದ ಸ್ವಲ್ಪ ಭಾರ ಹೊರಿಸಿ ನೋಡಬೇಕು. ಅದಾಗದಿದ್ದರೆ ‘ಹಸಿರು, ಮುಂದಿನದು ದೇವರಿಚ್ಛೆ’ ಎಂಬ ಹೊಸ ಬಣ್ಣವೊಂದನ್ನು ತಯಾರಿಸಿಕೊಳ್ಳಬೇಕು. ಅದೂ ಆಗದಿದ್ದರೆ ಮೇಜಿನಿಂದಿಳಿದು, ಅಡುಗೆಮನೆಯವರೆಗೆ ನಡೆದುಹೋಗಿ, ತಪ್ಪು ತಮ್ಮದೆಂದು ನನ್ನ ಹೆಂಡತಿಯೆದುರು ಒಪ್ಪಿಕೊಳ್ಳಬೇಕು. ಏಕೆಂದರೆ ಅವಳೀಗ ಎರಡನೆಯ ವಿಮಾನ ಕಟ್ಟುತ್ತಿದ್ದಾಳೆ, ಹೊಸ ಬ್ಯಾಟರಿಯನ್ನೂ ತಂದಿದ್ದಾಳೆ, ಅದನ್ನು ನೋಡಿಕೊಳ್ಳಲು ಷಡ್ಡಕನನ್ನು ಕರೆಸುತ್ತಾಳಂತೆ. ಗಾಯದ ಮೇಲೆ ಬರೆ ಎಂದರೆ ಇದೇ ಅಲ್ಲವೇ? ಆ ಕೆಲಸವೂ ಕೈತಪ್ಪಿದರೆ ಆ ಮೇಜಿನ ಬಳಿ ನನಗೆ ಜಾಗವೇ ಇರುವುದಿಲ್ಲ.

ಇಲ್ಲಿಯವರೆಗೆ ಬರೆದದ್ದು ಮೊನ್ನೆ. ನಿನ್ನೆ ಹೊಸ ರೆಕ್ಕೆಗೆ ಗೋಂದು ಹಚ್ಚಿ, ಒಣಗುವವರೆಗೆ ಅಲುಗಾಡದಂತೆ ಎತ್ತಿ ಹಿಡಿದಿರಲು ಹೇಳಿದಳು. ಹಿಡಿದೆ. ತೋಳು ನಡುಗತೊಡಗಿತು. ‘ಕೈ ನೋಯ್ತಿದೆಯೇನ್ರೀ?’ ಎಂದಳು. ಮದುವೆಯಾದಂದಿನಿಂದ ಇಂಥ ಪ್ರಶ್ನೆಗೆಲ್ಲ ‘ಏನಿಲ್ಲ’ ಎನ್ನುವುದೇ ನನ್ನ ರೂಢಿ, ಆ ವಿಷಯದಲ್ಲಿ ನಾನು ತಮ್ಮ ಶಿಷ್ಯನೇ. ಆದರೆ ನಿನ್ನೆ ಬಾಯಿಗೆ ನಿಜ ಬಂತು: ‘ತುಂಬಾ ನೋಯ್ತಿದೆ ಕಣೇ, ಇನ್ನು ಸ್ವಲ್ಪ ಹೊತ್ತಾದ್ರೆ ಬೀಳಿಸಿಬಿಡ್ತೀನಿ.’ ಅವಳು ನನ್ನನ್ನು ಒಂದು ಗಳಿಗೆ ನೋಡಿದಳು, ರೆಕ್ಕೆಯಡಿಗೆ ಎರಡು ದಪ್ಪ ಪುಸ್ತಕ ಸರಿಸಿ ನನ್ನ ಕೈ ಬಿಡಿಸಿದಳು, ಆಮೇಲೆ ಹೊಸ ಬ್ಯಾಟರಿ ತಂದು ಅದೇ ಕೈಗಿಟ್ಟಳು. ‘ಇದನ್ನ ನೀವೇ ನೋಡ್ಕೊಳಿ’ ಎಂದಳು.

ಇಂತಿ, ಹೋದ ಭಾನುವಾರದವರೆಗೆ ತಮ್ಮ ವಿಶ್ವಾಸಿ,
ಕನ್ನಡಕದ ಅಂಗಡಿಯವನು

ತಾ.ಕ.: ಪತ್ರ ಮುಗಿಸಿ ತಲೆಯೆತ್ತಿ ನೋಡಿದರೆ ತಾವು ಆಗಲೇ ಹಸಿರಾಗಿದ್ದೀರಿ. ಬ್ಯಾಟರಿ ಇನ್ನೂ ನನ್ನ ಕೈಯಲ್ಲೇ ಇದೆ.